ಬಾವು ಬಂದ ಕಾಲಿನ ಆರೈಕೆ



ಇವೊತ್ತು ಬಿತ್ತನೆಯ ಮಾತಿಲ್ಲ, ಗೊಬ್ಬರದ ಮಾತೂ ಇಲ್ಲ. ಕಾಲಿನ ಮಾತು ಹೇಳಬೇಕೆಂದು ಬಂದಿದ್ದೇನೆ. ಕೃಷಿ ಇಲಾಖೆಯವನಿಗೂ ಕಾಲಿನ ಬಾವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಉಂಟು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಬೆಳೆ ನೋಡಲು ಹೋದಾಗ, ಒಂದು ಕಾಲನ್ನು ಪಂಚೆಯಿಂದ ಮುಚ್ಚಿಕೊಂಡು ಜಗಲಿಯ ಮೇಲೆ ಕೂತವರನ್ನು ಆಗೊಮ್ಮೆ ಈಗೊಮ್ಮೆ ಕಾಣುತ್ತೇವೆ. ಹದವಾದ ಮಳೆ ಬಿದ್ದಿರುತ್ತದೆ, ಊರೆಲ್ಲ ಕೂರಿಗೆ ಕಟ್ಟಿ ಹೊಲಕ್ಕೆ ಹೋಗಿರುತ್ತದೆ, ಈ ಯಜಮಾನರು ಮಾತ್ರ ಚಳಿಜ್ವರದಲ್ಲಿ ಕಂಬಳಿ ಹೊದ್ದು ಮಲಗಿರುತ್ತಾರೆ. ವಿಚಾರಿಸಿದರೆ, "ಕಾಲಿಗೆ ನಂಜಾಗೈತೆ ಸಾರ್, ವರ್ಷಕ್ಕೆ ಮೂರ್ನಾಲ್ಕು ಸಲ ಹಿಂಗೇ" ಎನ್ನುತ್ತಾರೆ. ಜ್ವರ ಇಳಿಯುವಷ್ಟರಲ್ಲಿ ವಾರ ಕಳೆದಿರುತ್ತದೆ, ಹೊಲದ ಹದವೂ ಆರಿರುತ್ತದೆ. ಶೇಂಗಾ ಬೀಜ ಮನೆಯಲ್ಲೇ ಉಳಿಯುತ್ತದೆ. ಬೀಜೋಪಚಾರ ಹೇಗೆ ಮಾಡಬೇಕೆಂದು ಅಂಥವರಿಗೆ ನಾನು ಎಷ್ಟು ಹೇಳಿದರೇನು?

ಆ ಜ್ವರವನ್ನು ತಡೆಯಬಹುದು. ಬಾವು ಪೂರ್ತಿ ಹೋಗದಿದ್ದರೂ ಜ್ವರ ಬರುವುದನ್ನು ಬಹುಮಟ್ಟಿಗೆ ತಡೆಯಬಹುದು, ಅದೂ ಮನೆಯಲ್ಲೇ, ಸೋಪು ನೀರಿನಿಂದ. ಇದನ್ನು ಹೇಳುವುದಕ್ಕೇ ಬಂದದ್ದು.

ಮೊದಲು ಈ ಬಾವು ಏನೆಂಬುದನ್ನು ತಿಳಿಯೋಣ. ಮೈಯಲ್ಲಿ ರಕ್ತನಾಳಗಳಿರುವುದು ನಿಮಗೆ ಗೊತ್ತು. ಅವುಗಳ ಜೊತೆಗೆ ಬಹಳ ಸಣ್ಣ ನಾಳಗಳ ಇನ್ನೊಂದು ಬಲೆ ಚರ್ಮದ ಕೆಳಗೆ ಹರಡಿಕೊಂಡಿದೆ. ರಕ್ತದಿಂದ ಒಸರಿ ಮಾಂಸದ ನಡುವೆ ನಿಂತ ನೀರನ್ನೂ ಅದರಲ್ಲಿರುವ ಸಾರ, ಕಸಗಳನ್ನೂ ಈ ನಾಳಗಳು ಹೀರಿಕೊಳ್ಳುತ್ತವೆ. ತೊಡೆಸಂದು, ಕಂಕುಳು, ಕುತ್ತಿಗೆಗಳಲ್ಲಿರುವ ಗಂಟುಗಳಲ್ಲಿ ಸೋಸಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಈ ನೀರಿಗೆ ದುಗ್ಧರಸ ಎಂದು ಹೆಸರು. ಹೊಳಲ್ಕೆರೆ ಕಡೆಯ ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟಕ್ಕೆ ನೀರು ತರುವ ಕಾಲುವೆ ಬೇರೆ, ಹೆಚ್ಚಾದ ನೀರನ್ನು ಹೊರಗೆ ಒಯ್ಯುವ ಬಸಿಗಾಲುವೆ ಬೇರೆ. ಬಸಿಗಾಲುವೆ ಹೂತುಹೋದರೆ ತೋಟ ಏನಾಗುತ್ತದೆಯೋ, ದುಗ್ಧನಾಳ ಕೆಟ್ಟರೆ ಕಾಲೂ ಹಾಗೆಯೇ ಆಗುತ್ತದೆ. ನೀರು ನಿಂತು ಕಾಲು ಊದುತ್ತದೆ. ಮೊದಮೊದಲು ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ, ರಾತ್ರಿ ಮಲಗಿ ಎದ್ದರೆ ಇಳಿದಿರುತ್ತದೆ. ಆಗಲೇ ಎಚ್ಚೆತ್ತುಕೊಳ್ಳದಿದ್ದರೆ ವರ್ಷಗಳು ಕಳೆದಂತೆ ಒಳಗೆ ನಾರು ಬೆಳೆದು ಚರ್ಮ ದಪ್ಪವಾಗುತ್ತದೆ, ಮಡಿಕೆ ಬೀಳುತ್ತದೆ, ಗುಳಿಯೂ ಬೀಳುವುದಿಲ್ಲ, ರಾತ್ರಿ ಇಳಿಯುವುದೂ ಇಲ್ಲ.

ಇನ್ನೊಂದು ಮಾತು. ರಕ್ತವನ್ನು ದೂಡಲು ಹೃದಯವಿದೆ. ದುಗ್ಧರಸಕ್ಕೆ ಅಂಥ ಪಂಪ್‌ಸೆಟ್ ಇಲ್ಲ. ನಾಳಗಳು ತಾವಾಗಿ ಕೊಂಚ ಹಿಂಡಿಕೊಳ್ಳುತ್ತವೆ. ಮಿಕ್ಕದ್ದು ನಾವು ನಡೆದಾಡುವಾಗ ಮೀನಖಂಡ ಒತ್ತುವುದರಿಂದ, ಆಳವಾಗಿ ಉಸಿರಾಡುವುದರಿಂದ ಸಾಗುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಾಳ ಕೆಡುವುದಕ್ಕೆ ಕಾರಣಗಳು ಹಲವು. ಎಲ್ಲರಿಗೂ ಗೊತ್ತಿರುವುದು ಆನೆಕಾಲು ರೋಗ. ಚರಂಡಿಯ ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚುವುದರಿಂದ ದಾರದಂಥ ಸಣ್ಣ ಹುಳು ಮೈ ಸೇರಿ, ದುಗ್ಧನಾಳದಲ್ಲೇ 6ರಿಂದ 8 ವರ್ಷ ಬದುಕುತ್ತದೆ. ನಮ್ಮ ರಾಜ್ಯದಲ್ಲಿ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ, ಬಾಗಲಕೋಟೆ ಮತ್ತು ಕರಾವಳಿಯ ಮೂರು ಜಿಲ್ಲೆಗಳು ಈ ರೋಗದ ಪಟ್ಟಿಗೆ ಸೇರಿದವು. ಚಿತ್ರದುರ್ಗ ಆ ಪಟ್ಟಿಗೆ ಸೇರಿದ್ದಲ್ಲ. ಆದರೆ ಕೂಲಿಗೆಂದು ಕರಾವಳಿಗೋ ಕಲ್ಯಾಣ ಕರ್ನಾಟಕಕ್ಕೋ ಹೋಗಿ ವರ್ಷಗಟ್ಟಲೆ ಇದ್ದು ಬಂದವರು ನಮ್ಮಲ್ಲೂ ಇದ್ದಾರೆ. ದೇಶದಲ್ಲಿ ಈ ರೋಗದ ಹತೋಟಿ ಕಾರ್ಯಕ್ರಮ ಶುರುವಾದದ್ದು 1955ರಲ್ಲಿ. ವರ್ಷಕ್ಕೊಮ್ಮೆ ಊರಿನವರಿಗೆಲ್ಲ ಮಾತ್ರೆ ನುಂಗಿಸುವ ಕೆಲಸ ದೇಶದ ಮಟ್ಟದಲ್ಲಿ ಹಿಡಿದದ್ದು 2004ರಲ್ಲಿ. ಆ ಮಾತ್ರೆ ಹುಳುವಿನ ಮರಿಗಳನ್ನು ಕೊಂದು ರೋಗ ಹರಡದಂತೆ ಮಾಡುತ್ತದೆ. ಕೆಟ್ಟ ನಾಳವನ್ನು ಅದು ಸರಿಮಾಡಲಾರದು. ಆದಕಾರಣ ಮಾತ್ರೆ ನುಂಗಿದೆ, ಇನ್ನು ಕಾಲು ಸಣ್ಣದಾಗುತ್ತದೆ ಎಂದು ಕಾಯುತ್ತ ಕೂರಬಾರದು.

ಹುಳುವಿಲ್ಲದೆಯೂ ಬಾವು ಬರುತ್ತದೆ. ಸ್ತನದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದಾಗ ಕಂಕುಳಿನ ಗಂಟುಗಳನ್ನು ತೆಗೆದಿದ್ದರೆ ಆ ಕಡೆಯ ಕೈ ಊದುವುದುಂಟು. ಗಾಯಕ್ಕೆ ಮೇಲಿಂದ ಮೇಲೆ ನಂಜೇರಿ ನಾಳಗಳು ಹಾಳಾಗುವುದುಂಟು. ಕೆಲವರಿಗೆ ಹುಟ್ಟಿನಿಂದಲೇ ನಾಳಗಳು ಕಡಿಮೆ. ಇಥಿಯೋಪಿಯಾ ದೇಶದ ಎತ್ತರದ ನಾಡಿನಲ್ಲಂತೂ ಬೆಂಕಿಬೆಟ್ಟದ ಕೆಂಪು ಮಣ್ಣಿನಲ್ಲಿ ಬರಿಗಾಲಿನಲ್ಲಿ ದುಡಿಯುವ ರೈತರಿಗೆ, ಆ ಮಣ್ಣಿನ ನುಣುಪಾದ ಕಣಗಳು ಅಂಗಾಲಿನ ಚರ್ಮದೊಳಗೆ ಇಳಿದೇ ಕಾಲು ಊದುತ್ತದೆ. ನಮ್ಮ ಕೆಂಪು ಮಣ್ಣು ಅಂಥದ್ದಲ್ಲ, ಹೆದರಬೇಡಿ. ಆದರೆ ಅಲ್ಲಿ ಪಾದರಕ್ಷೆ ಮತ್ತು ಸೋಪುಗಳಿಂದಲೇ ಎಷ್ಟೋ ಜನರ ಕಾಲು ಉಳಿದಿದೆ ಎಂಬುದು ತಿಳಿದಿರಲಿ.

ಮತ್ತೆ, ಊದಿದ ಕಾಲೆಲ್ಲ ಈ ಜಾತಿಯದೇ ಎಂದುಕೊಳ್ಳಬೇಡಿ. ಹೃದಯ, ಮೂತ್ರಪಿಂಡ, ಪಿತ್ತಜನಕಾಂಗ ಕೆಟ್ಟಾಗಲೂ ಕಾಲು ಊದುತ್ತದೆ; ಆಗ ಸಾಮಾನ್ಯವಾಗಿ ಎರಡೂ ಕಾಲು. ಇದ್ದಕ್ಕಿದ್ದಂತೆ ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅವತ್ತೇ ಆಸ್ಪತ್ರೆ ಸೇರಬೇಕು. ಆದಕಾರಣ ಯಾವ ಬಾವೇ ಆಗಲಿ, ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ ಗೊತ್ತುಮಾಡಿಕೊಳ್ಳತಕ್ಕದ್ದು. ಮುಂದೆ ಹೇಳುವುದೆಲ್ಲ ಆಮೇಲಿನ ಮಾತು.

ಈಗ ಆರೈಕೆಗೆ ಬರೋಣ. ನಾನು ಹೇಳುವುದು ನನ್ನ ಸ್ವಂತ ವೈದ್ಯವಲ್ಲ. ಪಕ್ಕದ ಕಾಸರಗೋಡಿನಲ್ಲಿ ಇನ್ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಎಂಬ ಚರ್ಮರೋಗ ಸಂಸ್ಥೆಯಿದೆ. ಡಾಕ್ಟರ್ ಎಸ್. ಆರ್. ನರಹರಿಯವರೂ ಅವರ ಜೊತೆಯವರೂ, ಆಕ್ಸ್‌ಫರ್ಡಿನ ಪ್ರೊಫೆಸರ್ ಟೆರೆನ್ಸ್ ರಯಾನ್ ಅವರ ಸಹಕಾರದೊಡನೆ, ಅಲ್ಲಿ ಒಂದು ಕ್ರಮವನ್ನು ರೂಢಿಗೆ ತಂದರು: ಕಾಲು ತೊಳೆಯುವುದು, ಆಯುರ್ವೇದದ ಕಷಾಯದಲ್ಲಿ ನೆನೆಸುವುದು, ಉಸಿರಾಟ ಮತ್ತು ಯೋಗದ ಚಲನೆಗಳು, ಹಗುರವಾಗಿ ನೀವುವುದು, ಪಟ್ಟಿ ಸುತ್ತುವುದು. ದೊಡ್ಡ ಯಂತ್ರ ಬೇಡ, ಕೊಯ್ಯುವುದು ಬೇಡ. ಇದೇ ಕ್ರಮವನ್ನು ಆಗಿನ ಗುಲಬರ್ಗ ಜಿಲ್ಲೆಯ ಹಳ್ಳಿಗರಿಗೂ ಕೇರಳದ ಆಲಪ್ಪುಳದ ಜನರಿಗೂ ಶಿಬಿರ ನಡೆಸಿ ಕಲಿಸಿದರು. ಬಾವು ಇಳಿದದ್ದೂ ಜ್ವರ ಬರುವುದು ಕಡಿಮೆಯಾದದ್ದೂ 2013ರಲ್ಲಿ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಗುಲಬರ್ಗದ ಬಿಸಿಲಿನಲ್ಲಿ ದುಡಿಯುವ ತೊಗರಿ ರೈತರ ಸೀಮೆಯಲ್ಲಿ ಆದ ಕೆಲಸ ನಮ್ಮ ಸೀಮೆಯಲ್ಲಿ ಯಾಕಾಗದು? ಕಷಾಯ, ನೀವುವುದು, ಪಟ್ಟಿ ಇವನ್ನು ತಿಳಿದವರಿಂದಲೇ ಕಲಿಯಬೇಕು. ತೊಳೆಯುವುದಕ್ಕೆ ಮಾತ್ರ ಯಾರನ್ನೂ ಕಾಯಬೇಕಾಗಿಲ್ಲ.

ತೊಳೆಯುವ ಮಾತು ಎತ್ತಿದರೆ ನಗುವವರುಂಟು. ಹೊಸದುರ್ಗದ ಕಡೆ ಒಬ್ಬ ಹಿರಿಯರು, "ಅಲ್ಲಾ ಸ್ವಾಮಿ, ಕಾಲು ತೊಳೆಯೋದು ಹೇಳಿಕೊಡೋಕೆ ಗೌರ್ಮೆಂಟ್ನೋರು ಬರಬೇಕಾ?" ಎಂದರು. "ಯಜಮಾನ್ರೇ, ಕಿರುಬೆರಳ ಸಂದಿ ಅಗಲಿಸಿ ತೋರಿಸಿ" ಎಂದೆ. ತೋರಿಸಿದರು. ಒಳಗೆ ಬೆಳ್ಳಗೆ ನೆನೆದು, ಸಿಪ್ಪೆ ಎದ್ದು, ಬಿರುಕು ಬಿಟ್ಟಿತ್ತು. ಆ ಬಿರುಕೇ ಬಾಗಿಲು. ಒಳ್ಳೆಯ ಕಾಲಿಗಾದರೆ ಅದು ಬರೀ ಕೆರೆತ. ಬಾವಿನ ಕಾಲಿನಲ್ಲಿ ನಿಂತ ನೀರು ರೋಗಾಣುವಿಗೆ ಹದಮಾಡಿದ ಮಡಿಯಂತೆ. ಒಂದು ಸಲ ಒಳಹೊಕ್ಕರೆ ಸಾಕು, ಬೆಳೆದು ಹಬ್ಬುತ್ತದೆ. ಅದೇ ನಿಮ್ಮ ಚಳಿಜ್ವರ, ಅದೇ ನೀವು ಹೇಳುವ ನಂಜು. ಒಂದೊಂದು ಸಲ ಜ್ವರ ಬಂದು ಹೋದಾಗಲೂ ಉಳಿದ ನಾಳಗಳಲ್ಲಿ ಇನ್ನಷ್ಟು ಕೆಡುತ್ತವೆ, ಕಾಲು ಇನ್ನಷ್ಟು ದಪ್ಪವಾಗುತ್ತದೆ. ನಂಜೆಂದು ಬದನೆಕಾಯಿ ಬಿಟ್ಟವರಿದ್ದಾರೆ, ಮಾಂಸ ಬಿಟ್ಟವರಿದ್ದಾರೆ. ಬೆರಳ ಸಂದು ನೋಡಿಕೊಂಡವರು ಕಡಿಮೆ. ಬದನೆಕಾಯಿ ಏನು ತಪ್ಪು ಮಾಡಿತ್ತು ಪಾಪ!

ತೊಳೆಯುವುದು ಹೀಗೆ. ರಾತ್ರಿ ಮಲಗುವ ಮುಂಚೆ, ಆದರೆ ಬೆಳಗ್ಗೆಯೂ, ಒಂದು ಬಕೆಟ್ ಶುದ್ಧ ನೀರು ತೆಗೆದುಕೊಳ್ಳಿ. ತಣ್ಣೀರಾಗಲಿ, ಉಗುರು ಬೆಚ್ಚಗಿನದಾಗಲಿ; ಬಿಸಿನೀರು ಕೂಡದು. ಬಾವಿನ ಚರ್ಮಕ್ಕೆ ಸುಡುವುದು ತಿಳಿಯದೆ ಹೋಗುವುದುಂಟು, ಆದ್ದರಿಂದ ಕೈಯಿಂದ ಮುಟ್ಟಿ ನೋಡಿ. ಸಾದಾ ಮೈಸೋಪು ಸಾಕು, ಬಟ್ಟೆ ಸೋಪು ಬೇಡ. ಸೋಪನ್ನು ಕಾಲಿಗೆ ತಿಕ್ಕದೆ ಕೈಯಲ್ಲಿ ನೊರೆ ಮಾಡಿಕೊಂಡು, ಮೊಣಕಾಲಿನಿಂದ ಕೆಳಕ್ಕೆ, ಮಡಿಕೆಗಳ ಒಳಗೆ, ಒಂದೊಂದು ಬೆರಳ ಸಂದಿಗೂ ಮೆಲ್ಲಗೆ ಹಚ್ಚಿ. ಸಂದು ಕಿರಿದಾಗಿ ಬೆರಳು ಹೋಗದಿದ್ದರೆ ಹಳೆಯ ಪಂಚೆಯ ತುಂಡನ್ನು ಬತ್ತಿಯಂತೆ ಮಾಡಿ ತೂರಿಸಿ. ಕಲ್ಲಿನಿಂದ, ತೆಂಗಿನ ನಾರಿನಿಂದ ಉಜ್ಜಬೇಡಿ. ನಮ್ಮ ಬೋರಿನ ನೀರು ಗಡಸು, ನೊರೆ ಬರುವುದೇ ಕಷ್ಟ, ಸೋಪಿನ ಜಿಗಟು ಚರ್ಮಕ್ಕೆ ಅಂಟಿಕೊಳ್ಳುತ್ತದೆ; ಆದ್ದರಿಂದ ನೀರು ಹಾಕಿ ಚೆನ್ನಾಗಿ ಕಳೆಯಬೇಕು. ನೀರು ದಂಡವಾಗುತ್ತದೆಂಬ ಚಿಂತೆ ಬೇಡ, ತೊಳೆದ ನೀರನ್ನು ಹಿತ್ತಲ ತೆಂಗಿನ ಬುಡಕ್ಕೆ ಬಿಡಿ.

ತೊಳೆಯುವುದಕ್ಕಿಂತ ಒರೆಸುವುದೇ ದೊಡ್ಡದು. ಮೆತ್ತನೆಯ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ತಿಕ್ಕಬೇಡಿ. ಸಂದುಗಳಲ್ಲಿ ಒಂದು ಹನಿಯೂ ಉಳಿಯಬಾರದು. ಆ ಬಟ್ಟೆ ಕಾಲಿಗೇ ಮೀಸಲಾಗಿರಲಿ, ದಿನವೂ ಒಗೆದು ಬಿಸಿಲಿಗೆ ಹರವಿ. ಆಮೇಲೆ ಬೆಳಕಿಗೆ ಕೂತು ಕಾಲನ್ನು ನೋಡಿ: ಬಿರುಕು, ಮುಳ್ಳು ಚುಚ್ಚಿದ ಗುರುತು, ಗುಳ್ಳೆ, ವಾಸನೆ ಏನಾದರೂ ಇದೆಯೇ? ಅಂಗಾಲು ಕಾಣಲು ಕನ್ನಡಿ ಹಿಡಿದುಕೊಳ್ಳಿ, ಇಲ್ಲವೇ ಮೊಮ್ಮಕ್ಕಳನ್ನು ಕರೆಯಿರಿ, ಅವರ ಕಣ್ಣು ಚುರುಕು. ಬೆರಳ ಸಂದು ಬೆಳ್ಳಗಾಗಿದ್ದರೆ ಅದು ಬೂಷ್ಟು; ಬೆಳೆಗೆ ಬರುವ ಹಾಗೆ ಕಾಲಿಗೂ ಬರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಬೂಷ್ಟಿನ ಮುಲಾಮು ಹಚ್ಚಿ. ನಮ್ಮ ಬೆಳೆಯ ಬೂಷ್ಟುನಾಶಕವನ್ನು ಮಾತ್ರ ಹಚ್ಚಬೇಡಿ! ಕಾಲಿನ ಉಳಿದ ಭಾಗ ಒಣಗಿ ಬಿರಿಯುತ್ತಿದ್ದರೆ ವ್ಯಾಸಲೀನಿನ ತೆಳು ಲೇಪ ಸಾಕು. ಬೆರಳ ಸಂದಿಗೆ ಜಿಡ್ಡು ಬೇಡ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗೆ ಬಗೆಯಬೇಡಿ.

ರೋಗದ ಪಟ್ಟಿಯಲ್ಲಿರುವ ಜಿಲ್ಲೆಗಳಲ್ಲಿ ಬಕೆಟ್ಟು, ಮಗ್ಗು, ಸೋಪು, ಟವೆಲು, ಮುಲಾಮು ಇವನ್ನು ಜೊತೆಮಾಡಿ ಬಾವಿನವರಿಗೆ ಕೊಡುವುದುಂಟು. ನಮ್ಮ ಜಿಲ್ಲೆಯವರು ಅದಕ್ಕಾಗಿ ಕಾಯದೆ ಸಂತೆಯಲ್ಲೇ ಜೋಡಿಸಿಕೊಳ್ಳಬಹುದು. ಜ್ವರಕ್ಕೆಂದು ಒಂದು ಸಲ ಪೇಟೆಯ ಆಸ್ಪತ್ರೆಗೆ ಹೋಗಿಬರುವ ಖರ್ಚಿನಲ್ಲಿ ಎಷ್ಟು ಸೋಪು ಬಂದೀತು, ಲೆಕ್ಕ ಹಾಕಿ.

ಪಂಪ್‌ಸೆಟ್ ಇಲ್ಲವೆಂದು ಆಗಲೇ ಹೇಳಿದೆನಲ್ಲ. ಇಳಿಜಾರಿದ್ದರೆ ನೀರು ತಾನೇ ಹರಿಯುತ್ತದೆ. ಮಂಚದ ಕಾಲ್ದೆಸೆಯ ಎರಡು ಕಾಲಿಗೆ ಒಂದೊಂದು ಇಟ್ಟಿಗೆ ಕೊಡಿ. ನೆಲದ ಮೇಲೆ ಮಲಗುವವರು ಚಾಪೆಯ ಕೆಳಗೆ ಕಂಬಳಿ ಮಡಿಸಿಡಿ. ಉಬ್ಬಸ, ಹೃದ್ರೋಗ ಇರುವವರು ವೈದ್ಯರನ್ನು ಕೇಳಿಯೇ ಹೀಗೆ ಮಾಡತಕ್ಕದ್ದು. ಹಗಲು ಕೂತಾಗ ಕಾಲನ್ನು ಜೋತುಬಿಡದೆ ಮಣೆಯ ಮೇಲೋ ಮೂಟೆಯ ಮೇಲೋ ಚಾಚಿ. ಈರುಳ್ಳಿ ಹೆಚ್ಚುವಾಗ, ಶೇಂಗಾ ಬಿಡಿಸುವಾಗ ಹೆಣ್ಣುಮಕ್ಕಳು ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಬಾವಿನವರು ಹಾಗೆ ಕೂರಬಾರದು. ಕಾಲು ಚಾಚಿ ಕೂತು, ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡಬೇಕು. ಕೂತಲ್ಲೇ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ, ಸುತ್ತ ತಿರುಗಿಸಿ, ಗೋಡೆ ಹಿಡಿದು ತುದಿಗಾಲಿನಲ್ಲಿ ಎದ್ದು ಇಳಿಯಿರಿ. ಹತ್ತು ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು ಬಿಡುವುದೂ ದುಗ್ಧರಸವನ್ನು ಮೇಲಕ್ಕೆಳೆಯುತ್ತದೆ.

ಹೊಲದ ಕೆಲಸ ಬಿಡಬೇಕೇ ಎಂದು ಕೇಳುತ್ತೀರಿ. ಬಿಡಬೇಕಾಗಿಲ್ಲ, ನಡೆಯುವುದು ಒಳ್ಳೆಯದೇ. ಕಾಲನ್ನು ಕಾಯ್ದುಕೊಂಡು ಹೋಗಬೇಕು ಅಷ್ಟೆ. ಬರಿಗಾಲು ಸರ್ವಥಾ ಕೂಡದು. ನಮ್ಮ ಬದುಗಳಲ್ಲಿ ಬಳ್ಳಾರಿ ಜಾಲಿ ಎಲ್ಲಿಲ್ಲ ಹೇಳಿ? ಅದರ ಮುಳ್ಳು ಮುರಿದು ಒಳಗೆ ಉಳಿದರೆ ಒಳ್ಳೆಯ ಕಾಲಿಗೇ ಕೀವಾಗುತ್ತದೆ. ದಾಳಿಂಬೆ ತೋಟದಲ್ಲಿ ಸವರಿದ ಕೊಂಬೆಗಳನ್ನು ಸಾಲಿನಲ್ಲೇ ಬಿಡುವ ಅಭ್ಯಾಸ ಹಿರಿಯೂರು, ಹೊಸದುರ್ಗದ ಕಡೆ ಕಂಡಿದ್ದೇನೆ. ಬಾವಿನವರಿರುವ ಮನೆಯಲ್ಲಂತೂ ಅವನ್ನು ಅಂದೇ ಆಯ್ದು ಹಾಕಿ. ಪಾದರಕ್ಷೆ ಅಗಲವಾಗಿರಲಿ, ಪಟ್ಟಿ ಹಿಗ್ಗಿಸಿ ಕುಗ್ಗಿಸುವಂತಿರಲಿ, ಅಟ್ಟೆ ಮೆತ್ತಗಿದ್ದರೂ ಮುಳ್ಳು ದಾಟದಂತಿರಲಿ. ಅಳತೆ ಕೊಟ್ಟು ಹೊಲಿಸುವುದಾದರೆ ಸಂಜೆ ಕಾಲು ಊದಿರುವಾಗ ಅಳತೆ ಕೊಡಿ. ವಾಣಿವಿಲಾಸ ಸಾಗರದ ನಾಲೆಯ ಕೆಳಗಿನ ಜಮೀನಿನವರು ಹಗಲೆಲ್ಲ ಕೆಸರಿನಲ್ಲಿ ನಿಲ್ಲುವ ಕೆಲಸವನ್ನು ಮನೆಯ ಬೇರೆಯವರಿಗೆ ಬಿಟ್ಟು, ತಾವು ಒಣಗಾಲಿನ ಕೆಲಸ ಹಿಡಿಯುವುದು ಮೇಲು. ಯೂರಿಯಾ ಎರಚಿದ, ಕಳೆನಾಶಕ ಹೊಡೆದ ದಿನ ಮನೆಗೆ ಬಂದ ಕೂಡಲೇ ಕಾಲು ತೊಳೆಯಿರಿ. ದನ ತುಳಿದು ಚರ್ಮ ಕಿತ್ತರೆ ಮಣ್ಣು, ಸಗಣಿ, ಬೂದಿ ಮೆತ್ತದೆ ಸೋಪಿನಲ್ಲಿ ತೊಳೆದು, ಶುದ್ಧ ಬಟ್ಟೆ ಕಟ್ಟಿ, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ಆಸ್ಪತ್ರೆಯಲ್ಲಿ ಕೇಳಿ.

ಇಷ್ಟೆಲ್ಲ ಮಾಡಿಯೂ ಜ್ವರ ಬಂದರೆ? ಕಾಲು ಕೆಂಪಗಾಗಿ, ಮುಟ್ಟಿದರೆ ಕಾದಂತಿದ್ದು, ತೊಡೆಸಂದಿಯಲ್ಲಿ ಗಡ್ಡೆ ಕಟ್ಟಿ, ಮೈ ನಡುಗಿದರೆ ಅವತ್ತು ಕೆಲಸ ನಿಲ್ಲಿಸಿ. ಕಾಲನ್ನು ಎತ್ತರದಲ್ಲಿಟ್ಟು ಮಲಗಿ, ತಣ್ಣೀರಿನ ಬಟ್ಟೆ ಹಾಕಿ, ನೀರು ಗಂಜಿ ಚೆನ್ನಾಗಿ ಕುಡಿಯಿರಿ, ತಡಮಾಡದೆ ವೈದ್ಯರಲ್ಲಿಗೆ ಹೋಗಿ. ರೋಗಾಣು ಕೊಲ್ಲುವ ಮಾತ್ರೆಯನ್ನು ಅವರು ಹೇಳಿದಷ್ಟು ದಿನವೂ ನುಂಗಬೇಕು. ಎರಡು ದಿನಕ್ಕೆ ಜ್ವರ ಬಿಟ್ಟಿತೆಂದು ನಿಲ್ಲಿಸಬಾರದು. ಈ ದಿನಗಳಲ್ಲಿ ನೀವುವುದು, ಪಟ್ಟಿ ಸುತ್ತುವುದು, ವ್ಯಾಯಾಮ ಯಾವುದೂ ಬೇಡ. ಬಿಸಿ ಶಾಖ ಬೇಡ, ಬರೆ ಬೇಡ. ಚುಚ್ಚಿ ನೀರು ತೆಗೆಸುವುದಂತೂ ಬೇಡವೇ ಬೇಡ. ಇನ್ನೊಂದು ಬಾಗಿಲು ತೆರೆದಂತೆ. ವರ್ಷಕ್ಕೆ ಹಲವು ಸಲ ಜ್ವರ ಮರುಕಳಿಸುವವರಿಗೆ ಅದು ಬಾರದಂತೆ ತಡೆಯಲು ಪೆನಿಸಿಲಿನ್ ಕೊಡುವ ಪದ್ಧತಿಯೂ ಇದೆ, ವೈದ್ಯರನ್ನು ಕೇಳಿ ನೋಡಿ.

ಔಷಧಿ ಅಂಗಡಿಯಲ್ಲಿ "ನೀರಿಳಿಯೋ ಮಾತ್ರೆ" ಕೇಳಿ ನುಂಗುವವರಿದ್ದಾರೆ. ಮೂತ್ರ ಹೆಚ್ಚಿಸುವ ಆ ಮಾತ್ರೆ ಹೃದಯದ, ಮೂತ್ರಪಿಂಡದ ಬಾವಿಗೆ ಆದೀತು. ದುಗ್ಧರಸದ ಬಾವಿಗೆ ಅದರಿಂದ ಪ್ರಯೋಜನವಿಲ್ಲ. ಪಟ್ಟಿಯ ವಿಷಯವೂ ಅಷ್ಟೆ. ಸರಿಯಾಗಿ ಸುತ್ತಿದ ಪಟ್ಟಿಯಷ್ಟು ಬಾವು ಇಳಿಸುವುದು ಬೇರೊಂದಿಲ್ಲ. ಬೆರಳ ಬುಡದಿಂದ ಸುತ್ತುತ್ತ, ಕೆಳಗೆ ಬಿಗಿ, ಮೇಲೆ ಹೋದಂತೆ ಸಡಿಲ. ಬೆಳಗ್ಗೆ ಮಂಚದಿಂದ ಇಳಿಯುವ ಮೊದಲೇ ಸುತ್ತಬೇಕು. ಅದಕ್ಕೆಂದೇ ಇರುವ, ಹೆಚ್ಚು ಹಿಗ್ಗದ ಪಟ್ಟಿ ಬೇಕು. ಮೇಲೆ ಬಿಗಿಯಾದರೆ ಕಾಲುವೆಗೆ ಅಡ್ಡಗಟ್ಟೆ ಹಾಕಿದಂತಾಗಿ ಪಾದ ಇನ್ನೂ ಊದುತ್ತದೆ. ಸಕ್ಕರೆ ಕಾಯಿಲೆ, ಹೃದ್ರೋಗ, ಕಾಲಿಗೆ ರಕ್ತ ಸಾಲದ ತೊಂದರೆ ಇರುವವರಿಗೆ ಪಟ್ಟಿಯಿಂದ ಅಪಾಯವೂ ಉಂಟು. ಆದ್ದರಿಂದ ತರಬೇತಿ ಇದ್ದವರಿಂದ ಒಮ್ಮೆ ಕಲಿತು, ಮನೆಯ ಇನ್ನೊಬ್ಬರಿಗೂ ಕಲಿಸಿ.

ಮನೆಯವರಿಗೆ ಒಂದು ಮಾತು. ಈ ಬಾವು ಮುಟ್ಟಿದರೆ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ, ತೊಳೆಯಲು ಕೈ ಹಚ್ಚಿದರೂ ಅಂಟುವುದಿಲ್ಲ. "ಆನೆಕಾಲಿನೋರ ಮನೆ" ಎಂದು ಹೆಣ್ಣು ಕೊಡಲು ಹಿಂದೆಗೆಯುವವರನ್ನು ನಾನೇ ಕಂಡಿದ್ದೇನೆ. ಆ ಮಾತಿಗೆ ಹೆದರಿ ಎಷ್ಟೋ ಜನ ಕಾಲನ್ನು ಪಂಚೆಯಲ್ಲಿ, ಸೀರೆಯ ಅಂಚಿನಲ್ಲಿ ಮುಚ್ಚಿ ಮುಚ್ಚಿ, ಕೊನೆಗೆ ತಾವೂ ಅದನ್ನು ನೋಡಿಕೊಳ್ಳದ ಹಾಗಾಗಿದ್ದಾರೆ. ವಯಸ್ಸಾದವರಿಗೆ ಬಗ್ಗಿ ಬೆರಳ ಸಂದು ಮುಟ್ಟಲು ಆಗುವುದಿಲ್ಲ. ಮಗನೋ ಸೊಸೆಯೋ ಸಂಜೆ ಹತ್ತು ನಿಮಿಷ ಆ ಕೆಲಸ ಹಿಡಿದರೆ ಸಾಕು.

ಕೈಬಾವಿನ ತಾಯಂದಿರನ್ನು ಮರೆಯಲಿಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲೋ ಬೇರೆಲ್ಲೋ ಸ್ತನದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರು, ಆ ಕಡೆಯ ಕೈ ಭಾರವೆನಿಸಿದರೆ, ಬಳೆ ಬಿಗಿಯೆನಿಸಿದರೆ, ತಿಂಗಳು ಕಾಯದೆ ಹೋಗಿ ತೋರಿಸಿ. ಮೊದಲಲ್ಲೇ ಹಿಡಿದರೆ ಸುಲಭ. ಆ ಕೈಯ ಬಿಗಿ ಬಳೆ ಉಂಗುರ ತೆಗೆದಿಡಿ. ಹುಲ್ಲು ಕೊಯ್ಯುವಾಗ, ಜೋಳದ ತೆನೆ ಮುರಿಯುವಾಗ ಕೈಚೀಲ ಹಾಕಿ. ರೊಟ್ಟಿ ಸುಡುವಾಗ ಆ ಕೈ ಜೋಪಾನ. ಚುಚ್ಚುಮದ್ದಿಗೆ, ರಕ್ತ ತೆಗೆಯುವುದಕ್ಕೆ ಆದಷ್ಟೂ ಇನ್ನೊಂದು ಕೈ ಕೊಡಿ. ಭಾರದ ಕೊಡವನ್ನು ಆ ಕೈಯಲ್ಲಿ ಜೋತುಬಿಟ್ಟು ಹೊರಬೇಡಿ. ಆದರೆ ಕೈಯನ್ನು ಜೋಳಿಗೆಯಲ್ಲಿ ಕಟ್ಟಿ ಸುಮ್ಮನೆ ಕೂರಲೂ ಬೇಡಿ. ಹಗುರವಾದ ಕೆಲಸ ಮಾಡುತ್ತ ಆಡಿಸುತ್ತಲೇ ಇರಬೇಕು.

ಜಿಲ್ಲಾ ಆಸ್ಪತ್ರೆಗೆ ಹೋಗುವಾಗ ಒಂದು ಚೀಟಿ ಜೊತೆಗಿರಲಿ. ಬಾವು ಯಾವ ವರ್ಷ ಶುರುವಾಯಿತು, ಯಾವ ಊರುಗಳಲ್ಲಿ ಕೂಲಿಗಿದ್ದಿರಿ, ಈ ವರ್ಷ ಎಷ್ಟು ಸಲ ಜ್ವರ ಬಂತು ಎಂದು ಅದರಲ್ಲಿ ಬರೆಸಿಕೊಂಡು ಹೋಗಿ. ಕಾಲಿನ ಸುತ್ತಳತೆಯನ್ನೂ ಒಂದು ದಾರದಿಂದ ಹಿಡಿದಿಡಿ: ಹಿಮ್ಮಡಿಯಿಂದ ಒಂದು ಗೇಣು ಮೇಲೆ, ಬೆಳಗಿನ ಹೊತ್ತು, ತಿಂಗಳಿಗೊಮ್ಮೆ. ದಾರದಲ್ಲಿ ಗಂಟು ಹಾಕಿಟ್ಟರೆ ಇಳಿಯಿತೋ ಏರಿತೋ ನಿಮಗೇ ತಿಳಿಯುತ್ತದೆ.